ಪಟದಲ್ಲಿ ರಬಾಬು ಹಿಡಿದು ಕೂತವರು

ಪ್ರಶ್ನೆ: ಹೋದ ತಿಂಗಳು ಅವ್ವನನ್ನು ಕರೆದುಕೊಂಡು ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿದ್ದೆ. ಬರುವಾಗ ಹೊರಗಿನ ಅಂಗಡಿಯಲ್ಲಿ ಒಂದು ಪಟ ಕೊಂಡೆವು. ನಡುವೆ ಮರದ ಕೆಳಗೆ ಗುರುನಾನಕರು, ಒಂದು ಬದಿಗೆ ನವಿಲುಗರಿಯ ಬೀಸಣಿಗೆ ಹಿಡಿದವರೊಬ್ಬರು, ಇನ್ನೊಂದು ಬದಿಗೆ ತಂತಿವಾದ್ಯ ನುಡಿಸುತ್ತಿರುವ ಗಡ್ಡದ ಮುದುಕರು. ‘ಈ ವಾದ್ಯದವರು ಯಾರಪ್ಪಾ?’ ಎಂದು ಅವ್ವ ಕೇಳಿದಳು. ಅಂಗಡಿಯವರು ‘ಭಾಯಿ ಮರ್ದಾನಾ, ಮುಸಲ್ಮಾನರು’ ಎಂದಷ್ಟೇ ಹೇಳಿ ಸುಮ್ಮನಾದರು. ಸಿಖ್ಖರ ಗುರುವಿನ ಪಕ್ಕದಲ್ಲಿ ಮುಸಲ್ಮಾನರು ಹೇಗೆ ಬಂದರು? ಆ ಧರ್ಮ ಹರಡಿದ್ದರಲ್ಲಿ ಅವರ ಪಾಲು ಏನು?
– ಓದುಗರು, ಕಲಬುರಗಿ

ಉತ್ತರ: ಅಂಗಡಿಯವರು ಹೇಳಿದ್ದು ನಿಜ. ಆ ಮುದುಕರು ಭಾಯಿ ಮರ್ದಾನಾ. ಹುಟ್ಟಿನಿಂದ ಮುಸಲ್ಮಾನರು, ಕುಲದಿಂದ ಹಾಡುಗಾರರು, ಗುರುನಾನಕರ ಊರಿನವರೇ. ವಯಸ್ಸಿನಲ್ಲಿ ನಾನಕರಿಗಿಂತ 10 ವರ್ಷ ದೊಡ್ಡವರು. ನಾನಕರು ಮನೆ ಬಿಟ್ಟು ನಾಡಿನಿಂದ ನಾಡಿಗೆ ನಡೆದ ಸುಮಾರು ಎರಡು ದಶಕಗಳಲ್ಲಿ ಅವರ ಜೊತೆಗೆ ಹೆಜ್ಜೆ ಹಾಕಿದವರು ಇವರು; ಇವರ ಹೆಗಲ ಮೇಲಿದ್ದದ್ದು ನೀವು ಪಟದಲ್ಲಿ ಕಂಡ ಆ ವಾದ್ಯ, ರಬಾಬು. ಅವರ ಪಾಲು ಏನು ಎಂದು ಕೇಳಿದ್ದೀರಿ. ನಾನಕರ ಮಾತು ಜನರ ಕಿವಿಗೆ ಮೊದಲು ಬಿದ್ದದ್ದು ಹಾಡಾಗಿ. ಆ ಹಾಡಿನಲ್ಲಿ ಅರ್ಧ ಮರ್ದಾನರದು. ಇದು ಭಕ್ತಿಯ ಹೊಗಳಿಕೆಯಂತೆ ಕೇಳಿಸಬಹುದು. ಆದರೆ ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ಅಳತೆ ಮೀರಿದ್ದಲ್ಲ ಎಂದು ನಿಮಗೂ ಅನಿಸುತ್ತದೆ.

ಸಿಖ್ ಪರಂಪರೆಯ ಲೆಕ್ಕದಲ್ಲಿ ಮರ್ದಾನರು ಹುಟ್ಟಿದ್ದು 1459ರಲ್ಲಿ, ರಾಯ್ ಭೋಯ್ ದಿ ತಲವಂಡಿ ಎಂಬ ಊರಿನಲ್ಲಿ. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಆ ಊರು ನಾನಕರ ಹೆಸರನ್ನೇ ಹೊತ್ತು ನನಕಾನಾ ಸಾಹಿಬ್ ಆಗಿದೆ. ತಂದೆ ಬದ್ರಾ, ತಾಯಿ ಲಖ್ಖೋ. ಲಖ್ಖೋಳ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡಿದ್ದವಂತೆ. ಕೊನೆಗೆ ಹುಟ್ಟಿದ ಈ ಕೂಸನ್ನು ಆಕೆ ‘ಮರ್‌ಜಾಣಾ’, ಅಂದರೆ ಸಾಯುವವನು ಎಂದೇ ಕರೆಯುತ್ತಿದ್ದಳು ಎನ್ನುತ್ತಾರೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ನಮ್ಮಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರಲ್ಲ, ಅದೇ ತಾಯಿಗರುಳಿನ ಅಂಜಿಕೆ ಇದು. ಮುಂದೆ ನಾನಕರು ಆ ಹೆಸರನ್ನೇ ತುಸು ತಿದ್ದಿ ‘ಮರ್ದಾನಾ’ ಎಂದು ಕರೆದರು. ಪಾರ್ಸಿಯಲ್ಲಿ ಅದಕ್ಕೆ ಧೀರ ಎಂಬ ಅರ್ಥ.

ಅವರ ಕುಲ ಮಿರಾಸಿ. ಅರಬ್ಬಿಯ ‘ಮಿರಾಸ್’ ಎಂದರೆ ಹಿರಿಯರಿಂದ ಬಂದ ಆಸ್ತಿ. ನಮ್ಮಲ್ಲಿ ಜಮೀನಿನ ಮಿರಾಸಿ ಹಕ್ಕು ಎನ್ನುವಾಗ ಬರುವುದೂ ಇದೇ ಪದ. ಪಂಜಾಬಿನ ಮಿರಾಸಿಗಳಿಗೆ ಹಿರಿಯರಿಂದ ಬಂದ ಆಸ್ತಿ ಹಾಡು ಮತ್ತು ನೆನಪು. ಮದುವೆಯಲ್ಲಿ, ತೊಟ್ಟಿಲಿಗೆ ಹಾಕುವಾಗ, ಸುಗ್ಗಿಯಲ್ಲಿ ಅವರು ಮನೆಬಾಗಿಲಿಗೆ ಬಂದು ಹಾಡುತ್ತಿದ್ದರು; ಆ ಮನೆತನದ ಏಳೆಂಟು ತಲೆಮಾರಿನ ಹೆಸರುಗಳನ್ನು ಬಾಯಲ್ಲೇ ಹೇಳುತ್ತಿದ್ದರು. ನಮ್ಮ ಕಡೆ ಹೆಳವರು ವಂಶಾವಳಿ ಹೇಳಿ ಕಾಳು ಪಡೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಹಾಡಿಸಿಕೊಳ್ಳುವ ಮನೆಗಳಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಅಂಗಳದವರೆಗೆ ಎಲ್ಲರೂ ಕರೆಯುತ್ತಿದ್ದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವವರು ಮಾತ್ರ ಇರಲಿಲ್ಲ. ಸಮಾಜದ ಮೆಟ್ಟಿಲಲ್ಲಿ ಮಿರಾಸಿಗಳ ಜಾಗ ತೀರ ಕೆಳಗಿತ್ತು. ನಾನಕರು ಊರಿನ ಪಟವಾರಿಯ ಮಗ, ಖತ್ರಿ ಮನೆತನದವರು. ಅಂಥವರ ಪಕ್ಕದಲ್ಲಿ ಮಿರಾಸಿಯೊಬ್ಬರು ಸರಿಸಮನಾಗಿ ನಡೆದರು. ಸಿಖ್ಖರು ಇಂದಿಗೂ ಅವರನ್ನು ‘ಭಾಯಿ’, ಅಂದರೆ ಸಹೋದರ ಎನ್ನದೆ ಹೆಸರಿಸುವುದಿಲ್ಲ. ಮರ್ದಾನರು ನಾನಕರ ಬೋಧನೆಯನ್ನು ಹಾಡುವುದಕ್ಕೆ ಮೊದಲೇ, ಅವರ ಪಕ್ಕದಲ್ಲಿ ನಿಂತೇ ಆ ಬೋಧನೆಯನ್ನು ಊರಿಗೆ ತೋರಿಸಿದ್ದರು.

ಇಬ್ಬರ ಜೊತೆ ಗಟ್ಟಿಯಾದದ್ದು ಸುಲ್ತಾನ್‌ಪುರ ಲೋಧಿಯಲ್ಲಿ. ನಾನಕರ ಅಕ್ಕ ಬೇಬೆ ನಾನಕಿಯನ್ನು ಆ ಊರಿಗೆ ಕೊಟ್ಟಿತ್ತು. ಭಾವ ಜೈರಾಮರ ಮಾತಿನಿಂದ ನಾನಕರಿಗೆ ನವಾಬ ದೌಲತ್ ಖಾನ್ ಲೋಧಿಯ ಉಗ್ರಾಣದಲ್ಲಿ ಕಾಳುಕಡಿ ಅಳೆದು ಕೊಡುವ ಕೆಲಸ ಸಿಕ್ಕಿತು. ಮಗ ಹೇಗಿದ್ದಾನೆಂದು ನೋಡಿಕೊಂಡು ಬರಲು ತಂದೆ ಮೆಹತಾ ಕಾಲು ಮರ್ದಾನರನ್ನು ಕಳಿಸಿದರು ಎನ್ನುತ್ತದೆ ಒಂದು ಕಥೆ. ನೋಡಲು ಹೋದವರು ಅಲ್ಲಿಯೇ ನಿಂತುಬಿಟ್ಟರು. ಹಗಲು ಉಗ್ರಾಣದ ಕೆಲಸ, ಬೆಳಗಿನ ಜಾವ ಮತ್ತು ಸಂಜೆ ಹಾಡು. ಮುಂದೆ ನಾನಕರು ಹೊರಟು ನಿಂತಾಗ ಮರ್ದಾನರಿಗೆ ಒಳ್ಳೆಯ ರಬಾಬು ಬೇಕಾಯಿತು. ಬೇಬೆ ನಾನಕಿ ಹಣ ಕೊಟ್ಟಳು. ಭರೋಆಣಾ ಎಂಬ ಹಳ್ಳಿಯ ಭಾಯಿ ಫಿರಂದಾ ಎಂಬವರಿಂದ ವಾದ್ಯ ಬಂತು. ಹೀಗೆ ಒಬ್ಬ ಹೆಣ್ಣುಮಗಳು ಹಣ ಕೊಟ್ಟು, ಹಳ್ಳಿಯ ಕುಶಲಕರ್ಮಿಯೊಬ್ಬ ವಾದ್ಯ ಕೊಟ್ಟು, ಮಿರಾಸಿಯೊಬ್ಬ ಅದನ್ನು ಹೊತ್ತು ನಡೆದದ್ದನ್ನು ಪರಂಪರೆ ಹೆಸರು ಸಮೇತ ನೆನಪಿಟ್ಟುಕೊಂಡಿದೆ.

ನಿಮ್ಮ ಪಟವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ. ರಬಾಬಿನ ಒಡಲು ಮರವನ್ನು ಕೊರೆದು ಮಾಡಿದ್ದು. ಮೇಲೆ ಬಿಗಿದಿರುವುದು ಚರ್ಮ. ಅದರ ಮೇಲಿನ ‘ಕುದುರೆ’ ಎಂಬ ಆಸರೆಯ ತುಂಡನ್ನು ದಾಟಿ ತಂತಿಗಳು ಮೇಲಕ್ಕೆ ಹೋಗುತ್ತವೆ. ಆಗಿನ ತಂತಿಗಳು ಲೋಹದವಲ್ಲ, ಪ್ರಾಣಿಯ ಕರುಳಿನಿಂದ ಹೊಸೆದವು. ಬಲಗೈಯಲ್ಲಿ ಮೀಟುವ ಚಿಕ್ಕ ತುಂಡು. ನಾದ ಒಣಗಿದಂತೆ, ಗಟ್ಟಿಯಾಗಿ, ಸ್ವಲ್ಪ ಮದ್ದಳೆಯ ಪೆಟ್ಟಿನಂತೆ ಹೊರಡುತ್ತದೆ. ಒಂದೇ ಮೀಟಿನಲ್ಲಿ ಸ್ವರವೂ ಲಯವೂ ಸಿಗುತ್ತವೆ. ಜೊತೆಗೆ ಬೇರೆ ಪಕ್ಕವಾದ್ಯ ಇಲ್ಲದೆ ದಾರಿ ನಡೆಯುವ ಇಬ್ಬರಿಗೆ ಇದಕ್ಕಿಂತ ಹೊಂದುವ ವಾದ್ಯ ಇನ್ನಾವುದಿದೆ? ನಮ್ಮ ಪಂಡಿತ ರಾಜೀವ ತಾರಾನಾಥರ ಸರೋದ್ ಕೇಳಿದವರಿಗೆ ಈ ನಾದದ ಗುರುತು ಹತ್ತುತ್ತದೆ. ಸರೋದ್ ಹುಟ್ಟಿದ್ದು ಅಫ್ಘಾನಿ ರಬಾಬಿನ ವಂಶದಲ್ಲಿಯೇ.

ವಾಣಿ ಒಳಗಿನಿಂದ ಬರುತ್ತಿದೆ ಎನಿಸಿದಾಗ ನಾನಕರು ಮರ್ದಾನರಿಗೆ ರಬಾಬು ಎತ್ತಿಕೊಳ್ಳಲು ಹೇಳುತ್ತಿದ್ದರು ಎಂಬುದು ಜನಮಸಾಖಿಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರ. ಜನಮಸಾಖಿ ಎಂದರೆ ನಾನಕರ ಬದುಕನ್ನು ಭಕ್ತರು ಕಥೆಗಳಾಗಿ ಹೇಳಿ ಬರೆದಿಟ್ಟ ಪುಸ್ತಕಗಳು. ಅವುಗಳಲ್ಲಿನ ಪವಾಡಗಳನ್ನು ಇತಿಹಾಸವೆಂದು ಓದಬೇಕಿಲ್ಲ. ಆದರೆ ಈ ಒಂದು ಚಿತ್ರಕ್ಕೆ ಸಿಖ್ಖರ ಧರ್ಮಗ್ರಂಥದ ರಚನೆಯೇ ಸಾಕ್ಷಿ ಹೇಳುತ್ತದೆ. ಐದನೆಯ ಗುರು ಅರ್ಜನರು 1604ರಲ್ಲಿ ಆದಿಗ್ರಂಥವನ್ನು ಕೂಡಿಸಿದಾಗ ಪದಗಳನ್ನು ವಿಷಯವಾರು ಜೋಡಿಸಲಿಲ್ಲ, ಕಾಲಾನುಕ್ರಮದಲ್ಲೂ ಇಡಲಿಲ್ಲ, ರಾಗವಾರು ಇಟ್ಟರು. ಇಂದಿನ ಗುರು ಗ್ರಂಥ ಸಾಹಿಬ್‌ನ 1430 ಪುಟಗಳಲ್ಲಿ 31 ರಾಗಗಳಿವೆ. ಅದರಲ್ಲಿ ನಾನಕರ ಪದಗಳೇ 19 ರಾಗಗಳಲ್ಲಿವೆ. ಹೆಚ್ಚಿನ ಪದಗಳಲ್ಲಿ ‘ರಹಾವು’ ಎಂದು ಗುರುತು ಹಾಕಿದ ಒಂದು ಸಾಲು ಇರುತ್ತದೆ. ಅಲ್ಲಿ ನಿಲ್ಲು, ತಂಗು ಎಂಬುದು ಅದರ ಸೂಚನೆ. ಹಾಡುವವರು ಪ್ರತಿ ಚರಣ ಮುಗಿಸಿ ಅದಕ್ಕೇ ಮರಳುತ್ತಾರೆ, ನಮ್ಮ ದಾಸರ ಪದಗಳ ಪಲ್ಲವಿಗೆ ಮರಳಿದಂತೆ. ಪದದ ತಿರುಳು ಆ ಸಾಲಿನಲ್ಲೇ ಇರುತ್ತದೆ. ಓದು ಬಾರದ ರೈತನೂ ಒಂದು ಸಂಜೆ ಕೂತು ಕೇಳಿದರೆ ಆ ಸಾಲನ್ನು ಮನೆಗೆ ಒಯ್ಯುತ್ತಿದ್ದ. ಧರ್ಮ ಹರಡಿದ ಬಗೆ ಇದೇ. ನಾನಕರು ಪಂಜಾಬಿನಲ್ಲಿ ಹೀಗೆ ಹಾಡುತ್ತಿದ್ದ ಕಾಲದಲ್ಲೇ ನಮ್ಮ ಪುರಂದರದಾಸರೂ ತಂಬೂರಿ ಹಿಡಿದು ಬೀದಿಗಿಳಿದಿದ್ದರು ಎಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ನಡೆದು ಸುತ್ತುವವರಿಗೆ ಒಂದು ಕಷ್ಟವಿದೆ: ಗೊತ್ತಿಲ್ಲದ ಊರಿನಲ್ಲಿ ಬಾಯಿ ತೆರೆಯುವುದು. ಉಪದೇಶ ಮಾಡಲು ಬಂದವನನ್ನು ಜನ ಅನುಮಾನದಿಂದ ನೋಡುತ್ತಾರೆ. ಹಾಡಲು ಬಂದವನಿಗೆ ಕಟ್ಟೆ ತೋರಿಸುತ್ತಾರೆ, ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಯಾವ ಮನೆಯ ಅಂಗಳಕ್ಕೆ ಹೇಗೆ ಹೋಗಬೇಕು, ಯಾರ ಹತ್ತಿರ ಯಾವ ಮಾತು ಮೊದಲು ಎತ್ತಬೇಕು ಎಂಬುದು ಮಿರಾಸಿಯ ಕುಲವಿದ್ಯೆ. ನಾನಕರ ವಾಣಿಗೆ ಬಾಗಿಲುಗಳು ತೆರೆದದ್ದರಲ್ಲಿ ಈ ವಿದ್ಯೆಯ ಪಾಲು ದೊಡ್ಡದೆಂದೇ ನಾನು ನಂಬುತ್ತೇನೆ.

ಇನ್ನು ಜನಮಸಾಖಿಗಳ ಮರ್ದಾನರು ಎಂಥವರು? ಅವರನ್ನು ಓದುವಾಗ ನನಗೆ ಪ್ರೀತಿ ಹುಟ್ಟುವುದು ಅವರ ಹಸಿವಿನಿಂದ. ನಾನಕರು ಧ್ಯಾನದಲ್ಲಿ ಕೂತರೆ ಊಟದ ಪರಿವೆ ಇಲ್ಲ. ಮರ್ದಾನರಿಗೆ ಹೊತ್ತುಹೊತ್ತಿಗೆ ಹಸಿವಾಗುತ್ತದೆ, ನೀರಡಿಕೆಯಾಗುತ್ತದೆ, ಮನೆಯ ನೆನಪಾಗುತ್ತದೆ. ಅದನ್ನೆಲ್ಲ ಅವರು ಮುಚ್ಚಿಡದೆ ಹೇಳುತ್ತಾರೆ, ಒಮ್ಮೊಮ್ಮೆ ಸಿಟ್ಟಿನಿಂದಲೇ. ಒಂದು ಸಲ ಹಸಿದ ಅವರನ್ನು ನಾನಕರು ಹತ್ತಿರದ ಊರಿಗೆ ಕಳಿಸಿದರು. ಊರವರು ಉಪಚಾರ ಮಾಡಿ ಊಟ ಹಾಕಿ, ಬಟ್ಟೆ, ಹಣ ಎಲ್ಲ ಕೊಟ್ಟರು. ಮರ್ದಾನರು ದೊಡ್ಡ ಗಂಟು ಹೊತ್ತು ಬಂದರು. ನಾನಕರು ಅದನ್ನು ಕಂಡು ನಕ್ಕು ನಕ್ಕು ನೆಲಕ್ಕೆ ಒರಗಿದರಂತೆ. ಇಷ್ಟು ಭಾರ ಹೊತ್ತು ಎಷ್ಟು ದೂರ ನಡೆಯುತ್ತೀ ಎಂಬಷ್ಟೇ ಅವರ ಮಾತಿನ ಅರ್ಥ. ಮರ್ದಾನರು ಗಂಟನ್ನು ಅಲ್ಲಿಯೇ ಬಿಟ್ಟು ರಬಾಬನ್ನು ಮಾತ್ರ ಹೆಗಲಿಗೇರಿಸಿದರು. ಬಾಬರನ ಸೈನ್ಯ ಸೈದ್‌ಪುರವನ್ನು ಸೂರೆ ಮಾಡಿದಾಗ ಇಬ್ಬರೂ ಸೆರೆಸಿಕ್ಕರು ಎನ್ನುತ್ತದೆ ಇನ್ನೊಂದು ಕಥೆ. ನಾನಕರ ತಲೆಯ ಮೇಲೆ ಮೂಟೆ, ಮರ್ದಾನರ ಕೈಗೆ ಕುದುರೆಯ ಲಗಾಮು. ಊರಿನ ದುಃಖ ಕಂಡು ನಾನಕರಿಗೆ ವಾಣಿ ಬಂತು. ರಬಾಬು ಮೀಟಬೇಕೆಂದರೆ ಲಗಾಮು ಬಿಡಬೇಕು. ಸೆರೆಯಾಳು ಕುದುರೆ ಬಿಟ್ಟರೆ ತಲೆ ಉಳಿಯುವುದಿಲ್ಲ. ಮರ್ದಾನರು ಲಗಾಮು ಬಿಟ್ಟರು, ತಂತಿ ಮುಟ್ಟಿದರು. ಕುದುರೆ ತಾನಾಗಿ ಅವರ ಹಿಂದೆ ನಡೆದುಬಂತೆಂದು ಕಥೆ ಹೇಳುತ್ತದೆ. ಆ ದಾಳಿಯನ್ನು ಕುರಿತ ನಾನಕರ ನಾಲ್ಕು ಪದಗಳು ಗ್ರಂಥದಲ್ಲಿವೆ. ಬಲಿಷ್ಠರ ಕೈಯಲ್ಲಿ ನಲುಗಿದವರ ನೋವನ್ನು ನೇರವಾಗಿ ದೇವರ ಮುಂದೆ ಇಡುವ ಪದಗಳು ಅವು.

ನಿಮ್ಮ ಅವ್ವನಿಗೆಂದೇ ಒಂದು ಪ್ರಸಂಗ ಹೇಳುತ್ತೇನೆ. ಹಲವು ವರ್ಷಗಳ ತಿರುಗಾಟದ ನಂತರ ಇಬ್ಬರೂ ತಲವಂಡಿಯ ಹತ್ತಿರ ಬಂದರು. ನಾನಕರು ಊರ ಹೊರಗೆ ಕೂತರು. ಮನೆಯವರನ್ನು ನೋಡಿ ಬರುತ್ತೇನೆಂದು ಮರ್ದಾನರು ಅಪ್ಪಣೆ ಕೇಳಿದರು. ನನ್ನ ಮನೆಗೂ ಹೋಗು, ಆದರೆ ನನ್ನ ಹೆಸರು ಎತ್ತಬೇಡ ಎಂದು ನಾನಕರು ಹೇಳಿ ಕಳಿಸಿದರು. ಮರ್ದಾನರು ಮನೆಯೊಳಗೆ ಕಾಲಿಟ್ಟದ್ದೇ ತಡ, ನಾನಕರ ತಾಯಿ ತೃಪ್ತಾ, ಮರ್ದಾನರ ಕೊರಳಿಗೆ ಬಿದ್ದು ಅತ್ತುಬಿಟ್ಟಳು; ನನ್ನ ಮಗನ ಸುದ್ದಿ ಹೇಳು ಎಂದು ಅಂಗಲಾಚಿದಳು. ಮಿರಾಸಿಯನ್ನು ಮುಟ್ಟಬಹುದೇ ಎಂಬ ಯೋಚನೆಯೇ ಆ ತಾಯಿಗೆ ಬರಲಿಲ್ಲ. ಮರ್ದಾನರು ಮಾತು ಮರೆಸಿ, ಸ್ವಲ್ಪ ಹೊತ್ತು ಕೂತು ಎದ್ದು ಹೊರಟರು. ಇಷ್ಟು ಬೇಗ ಹೊರಟನೆಂದರೆ ಕಾರಣ ಇದ್ದೇ ಇದೆ ಎಂದು ತಾಯಿಗೆ ಹೊಳೆಯಿತು. ಬಟ್ಟೆ, ಸಿಹಿತಿಂಡಿ ಸೆರಗಿಗೆ ಕಟ್ಟಿಕೊಂಡು ಹಿಂದೆಯೇ ನಡೆದಳು. ಊರ ಹೊರಗಿನವರೆಗೆ ನಡೆದು ಹೋಗಿ, ಕೂತಿದ್ದ ಮಗನನ್ನು ಕಂಡಳು. ತಾಯಿಗೆ ಮಗನ ದಾರಿ ತೋರಿಸಿದ್ದು ಮರ್ದಾನರು ಆಡದೆ ಉಳಿಸಿಕೊಂಡ ಮಾತು. ಇಡೀ ಜನಮಸಾಖಿಗಳಲ್ಲಿ ನನ್ನನ್ನು ಇಷ್ಟು ಕಾಡಿದ ಪ್ರಸಂಗ ಇನ್ನೊಂದಿಲ್ಲ.

ನೀವು ಹೋಗಿ ಬಂದ ಝೀರಾದ ಕಥೆಗೂ ಮರ್ದಾನರು ಸೇರಿದವರೇ. ದಕ್ಷಿಣದ ಯಾತ್ರೆಯಲ್ಲಿ ನಾನಕರು ಮರ್ದಾನರೊಂದಿಗೆ ಬೀದರಿನ ಹೊರವಲಯದಲ್ಲಿ, ಮುಸಲ್ಮಾನ ಫಕೀರರ ನೆಲೆಯ ಬಳಿ ತಂಗಿದರು ಎನ್ನುತ್ತದೆ ಅಲ್ಲಿನ ಪರಂಪರೆ. ಹಾಡು ಕೇಳಿ ಜನ ಸೇರಿದರು. ಕುಡಿಯುವ ನೀರಿಗೆ ಪಡುತ್ತಿದ್ದ ಕಷ್ಟ ಹೇಳಿಕೊಂಡರು. ನಾನಕರು ಕಾಲಿನಿಂದ ಒಂದು ಕಲ್ಲನ್ನು ಸರಿಸಿದಲ್ಲಿ ಸಿಹಿನೀರು ಚಿಮ್ಮಿತು. ಬೀದರಿನ ಕೆಂಪು ಜಂಬಿಟ್ಟಿಗೆಯ ಒಡಲಲ್ಲಿ ನೀರು ಅಡಗಿರುತ್ತದೆ ಎಂಬುದು ಅಲ್ಲಿನ ಹಳೆಯ ಸುರಂಗ ಬಾವಿಗಳನ್ನು ಕಂಡವರಿಗೆ ಗೊತ್ತು. ನಿಮ್ಮ ಅವ್ವ ಬೊಗಸೆಯಲ್ಲಿ ಹಿಡಿದಿರಬಹುದಾದ ನೀರು ಆ ಝರಿಯದು. ಸುಮಾರು ಎರಡು ಶತಮಾನಗಳ ನಂತರ, 1699ರಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗರು ಆನಂದಪುರದಲ್ಲಿ ಖಾಲ್ಸಾ ಎಂಬ ದೀಕ್ಷಿತ ಸಿಖ್ಖರ ಬಳಗ ಕಟ್ಟಿದಾಗ ಅವರ ಕರೆಗೆ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರು ಎಂದು ಪರಂಪರೆ ಹೇಳುತ್ತದೆ.

ಪಟದ ಇನ್ನೊಂದು ಬದಿಯಲ್ಲಿ ಬೀಸಣಿಗೆ ಹಿಡಿದವರು ಭಾಯಿ ಬಾಲಾ. ಅವರ ಹೆಸರಿನ ಜನಮಸಾಖಿ ಬಹಳ ಜನಪ್ರಿಯ. ಆದರೆ ಆ ವ್ಯಕ್ತಿ ನಿಜವಾಗಿ ಇದ್ದರು ಎಂಬುದನ್ನು ಹಲವು ವಿದ್ವಾಂಸರು ಒಪ್ಪುವುದಿಲ್ಲ. ಆದಿಗ್ರಂಥವನ್ನು ಕೈಯಾರೆ ಬರೆದುಕೊಂಡ ಭಾಯಿ ಗುರುದಾಸರು ತಮ್ಮ ‘ವಾರ್’ಗಳಲ್ಲಿ, ಅಂದರೆ ಲಾವಣಿಯಂಥ ದೀರ್ಘ ಪದ್ಯಗಳಲ್ಲಿ, ಕೊಡುವ ನಾನಕರ ಮುಖ್ಯ ಶಿಷ್ಯರ ಪಟ್ಟಿಯಲ್ಲಿ ಬಾಲಾರ ಹೆಸರಿಲ್ಲ, ಮರ್ದಾನರ ಹೆಸರಿದೆ. ನಾನಕರು ಬಾಗ್ದಾದಿಗೆ ಹೋದ ಪ್ರಸಂಗದಲ್ಲಂತೂ ಗುರುದಾಸರು ಅವರ ಜೊತೆಗೆ ಹೆಸರಿಸುವುದು ರಬಾಬಿ ಮರ್ದಾನರೊಬ್ಬರನ್ನೇ. ಈಗ ಲಂಡನ್ನಿನಲ್ಲಿರುವ 1733ರ ಸಚಿತ್ರ ಜನಮಸಾಖಿಯೊಂದರ ಚಿತ್ರಗಳಲ್ಲೂ ರಬಾಬು ಹಿಡಿದ ಮರ್ದಾನರು ನಾನಕರ ಎದುರಿಗೋ ಪಕ್ಕಕ್ಕೋ ಕೂತಿರುತ್ತಾರೆ.

ಕೊನೆಯ ವರ್ಷಗಳಲ್ಲಿ ನಾನಕರು ರಾವಿ ನದಿಯ ದಂಡೆಯಲ್ಲಿ ಕರ್ತಾರ್‌ಪುರ ಕಟ್ಟಿ ನೆಲೆಸಿದರು. ಹೊಲದ ಕೆಲಸ, ಎಲ್ಲರಿಗೂ ಒಂದೇ ಪಂಕ್ತಿಯ ಊಟ, ಎರಡು ಹೊತ್ತು ಕೀರ್ತನೆ. ಮರ್ದಾನರು ಅಲ್ಲಿಯೇ 1534ರಲ್ಲಿ ಕಣ್ಣು ಮುಚ್ಚಿದರು ಎಂಬುದು ಹೆಚ್ಚಿನವರು ಹೇಳುವ ಮಾತು. ಕೊನೆಗಾಲದಲ್ಲಿ ನಾನಕರು, ನಿನಗೊಂದು ಗೋರಿ ಕಟ್ಟಿಸಲೇ ಎಂದು ಕೇಳಿದರಂತೆ. ದೇಹವೆಂಬ ಗೋರಿಯಿಂದಲೇ ಬಿಡಿಸಿದಿರಿ, ಮತ್ತೆ ಕಲ್ಲಿನದೇಕೆ ಎಂಬರ್ಥದಲ್ಲಿ ಮರ್ದಾನರು ಉತ್ತರಿಸಿದರಂತೆ. ಅತ್ತುಕರೆದು ಗೋಳಾಡಬೇಡಿ ಎಂದು ಅವರ ಮಗ ಶಹಜಾದಾಗೆ ನಾನಕರೇ ಹೇಳಿ, ತಂದೆಯ ಜಾಗದಲ್ಲಿ ರಬಾಬು ಹಿಡಿಸಿದರು. ಐದು ವರ್ಷಗಳ ನಂತರ, 1539ರಲ್ಲಿ ನಾನಕರೂ ಅದೇ ಊರಿನಲ್ಲಿ ಕಣ್ಣು ಮುಚ್ಚಿದರು. 2019ರಲ್ಲಿ ಭಾರತದ ಯಾತ್ರಿಕರಿಗಾಗಿ ಕಾರಿಡಾರ್ ತೆರೆದಾಗ ಗಡಿಯಾಚೆ ಎಲ್ಲರ ಕಣ್ಣು ಹೊರಳಿದ ಊರು ಇದೇ ಕರ್ತಾರ್‌ಪುರ.

ಮರ್ದಾನರು ಹೋದರು, ಅವರ ಕೆಲಸ ನಿಲ್ಲಲಿಲ್ಲ. ಗುರುಗಳ ದರ್ಬಾರಿನಲ್ಲಿ ಹಾಡುವ ಮುಸಲ್ಮಾನ ಗಾಯಕರ ಪರಂಪರೆಗೆ ‘ರಬಾಬಿ’ ಎಂಬ ಹೆಸರೇ ನಿಂತಿತು. ಅಂಥ ಇಬ್ಬರು, ಸತ್ತಾ ಮತ್ತು ಬಲವಂಡ್, ರಾಮಕಲಿ ರಾಗದಲ್ಲಿ ಕಟ್ಟಿದ ‘ವಾರ್’ ಗುರು ಗ್ರಂಥ ಸಾಹಿಬ್‌ನಲ್ಲಿಯೇ ಸೇರಿದೆ. ಬಿಹಾಗಡಾ ರಾಗದ ಭಾಗದಲ್ಲಿ ಮರ್ದಾನರ ಹೆಸರಿನ ತಲೆಬರಹವಿರುವ ಶ್ಲೋಕಗಳೂ ಇವೆ. ಲೋಭ, ಅಹಂಕಾರಗಳ ಅಮಲನ್ನು ಹೆಂಡಕ್ಕೆ ಹೋಲಿಸುವ ಅವು ಮರ್ದಾನರು ಕಟ್ಟಿದವೋ, ನಾನಕರು ಮರ್ದಾನರಿಗೆ ಹೇಳಿದವೋ ಎಂಬ ಚರ್ಚೆ ಇದೆ. ಹೇಗೇ ಇರಲಿ, ಸಿಖ್ಖರು ತಲೆಬಾಗುವ ಗ್ರಂಥದೊಳಗೆ ಆ ಹೆಸರಿದೆ. ಅಮೃತಸರದ ಸ್ವರ್ಣಮಂದಿರವಾದ ಹರಮಂದಿರ ಸಾಹಿಬ್‌ನಲ್ಲಿ ರಬಾಬಿಗಳು 1947ರವರೆಗೂ ಹಾಡಿದರು. ದೇಶ ಒಡೆದಾಗ ಅವರು ಗಡಿ ದಾಟಬೇಕಾಯಿತು. ತಲೆತಲಾಂತರದಿಂದ ಬಾಯಲ್ಲಿದ್ದ ಹಾಡು ಒಂದು ಕಡೆ, ಅದನ್ನು ಕೇಳುವ ಕಿವಿ ಇನ್ನೊಂದು ಕಡೆ ಉಳಿಯಿತು. ಆ ಒಡಕಿನಲ್ಲಿ ಪಂಜಾಬು ಕಳೆದುಕೊಂಡದ್ದು ಬಹಳ; ಅದರಲ್ಲಿ ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಗುರುದ್ವಾರಗಳಲ್ಲಿ ನೀವು ಹೆಚ್ಚಾಗಿ ಕೇಳುವುದು ಹಾರ್ಮೋನಿಯಂ ಮತ್ತು ತಬಲಾ. ಹರಮಂದಿರ ಸಾಹಿಬ್‌ನಲ್ಲಿ ಹಾರ್ಮೋನಿಯಂ ಬಿಟ್ಟು ಹಳೆಯ ತಂತಿವಾದ್ಯಗಳಿಗೆ ಮರಳಬೇಕು ಎಂದು 2022ರಲ್ಲಿ ಸಿಖ್ಖರ ಅತ್ಯುನ್ನತ ಪೀಠವಾದ ಅಕಾಲ್ ತಖ್ತ್‌ನಿಂದ ಸೂಚನೆ ಹೊರಟಿತು. ಯುವಕ ಯುವತಿಯರು ಮತ್ತೆ ರಬಾಬು, ಸರಂದಾ, ತಾವೂಸ್, ದಿಲ್ರುಬಾ ಕಲಿಯುತ್ತಿದ್ದಾರೆ.

ಮುಂದಿನ ಸಲ ಝೀರಾಕ್ಕೆ ಹೋದಾಗ, ನೀರು ಮುಟ್ಟಿ ಪ್ರಸಾದ ತೆಗೆದುಕೊಂಡು ಕೂಡಲೇ ಹೊರಡಬೇಡಿ. ಅವ್ವನನ್ನು ಕರೆದುಕೊಂಡು ಒಳಗೆ ಅರ್ಧ ಗಂಟೆ ಕೂಡಿ. ಪಂಜಾಬಿ ತಿಳಿಯದಿದ್ದರೂ ಚಿಂತೆಯಿಲ್ಲ. ಹಾಡುವವರು ಯಾವ ಸಾಲಿಗೆ ಮರಳಿ ಮರಳಿ ಬರುತ್ತಾರೆಂದು ಕಿವಿಗೊಡಿ. ಮೂರನೆಯ ಸಲಕ್ಕೆ ಅದು ನಿಮ್ಮ ಅವ್ವನ ಬಾಯಲ್ಲೂ ಗುನುಗುತ್ತದೆ. ಈ ವಾದ್ಯದವರು ಯಾರಪ್ಪಾ ಎಂಬ ಅವರ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಯೇ.